ಗೋಡೆ ದಪ್ಪವಿದ್ದರೆ ಹ್ಯೂಮ್ ಪೈಪ್ ಗಟ್ಟಿಯೇ?

ಪ್ರಶ್ನೆ: ಆಳಂದ ಕಡೆ ನಮ್ಮ ಹೊಲದ ದಾರಿಗೆ ಅಡ್ಡ ಬರುವ ಹಳ್ಳಕ್ಕೆ 600 ಎಂಎಂ ಹ್ಯೂಮ್ ಪೈಪ್ (ಒಳಗೆ ಸರಳು ಇರುವ ಕಾಂಕ್ರೀಟ್ ಪೈಪ್) ಹಾಕಿಸಬೇಕು. ಕಬ್ಬಿನ ಲಾರಿ ಓಡಾಡುತ್ತವೆ. ಗೋಡೆ ಎಷ್ಟು ದಪ್ಪ ಇರಲಿ ಎಂದು ಕೊಟೇಶನ್‌ನಲ್ಲಿ ಬರೆಸಲಿ?

ಉತ್ತರ: ದಪ್ಪ ಬರೆಸಬೇಡಿ, ಕ್ಲಾಸ್ (ಪೈಪ್ ಎಷ್ಟು ಭಾರ ತಾಳಬೇಕೆಂಬ ದರ್ಜೆ) ಬರೆಸಿ: ಎನ್‌ಪಿ-4, ಅಂದರೆ ಭಾರಿ ವಾಹನಗಳ ದರ್ಜೆ; ಎನ್‌ಪಿ-3 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಲಾರಿ ಎಂದ ಮೇಲೆ ಇದರಲ್ಲಿ ಚೌಕಾಶಿ ಬೇಡ.

ಇದನ್ನು ಎಷ್ಟು ಸಲ ಹೇಳಿದರೂ "ದಪ್ಪ ಇದ್ದಷ್ಟೂ ಗಟ್ಟಿ" ಎಂಬ ನಂಬಿಕೆ ಅಳಿಯುತ್ತಿಲ್ಲ. ಹಾಗಾಗಿ ಲೆಕ್ಕ ಮುಂದಿಡುತ್ತೇನೆ. ಈ ಪೈಪುಗಳ ಭಾರತೀಯ ಮಾನಕ ಐಎಸ್ 458ರಲ್ಲಿ 600 ಎಂಎಂ ಎನ್‌ಪಿ-3 ಪೈಪಿನ ಗೋಡೆ 85 ಎಂಎಂ. ಎನ್‌ಪಿ-4ರ ಗೋಡೆಯೂ 85 ಎಂಎಂ. ಟೇಪ್ ಹಿಡಿದರೆ ಎರಡೂ ಒಂದೇ. ಆದರೆ ಭಾರ ಹೇರಿ ಪರೀಕ್ಷಿಸುವಾಗ 0.25 ಎಂಎಂ ಬಿರುಕು ಬಿಡದೆ ಎನ್‌ಪಿ-3 ಮೀಟರಿಗೆ ಸುಮಾರು 28.7 ಕಿಲೋನ್ಯೂಟನ್ ತಡೆಯಬೇಕು, ಎನ್‌ಪಿ-4 ಸುಮಾರು 46. ಮೂರು ಟನ್ ಎಲ್ಲಿ, ನಾಲ್ಕೂಮುಕ್ಕಾಲು ಟನ್ ಎಲ್ಲಿ! ಈ ಅಂತರ ಒಳಗಿನ ಸರಳಿನದು. ಮೇಲಿಂದ ಭಾರ ಬಿದ್ದಾಗ ಪೈಪ್ ಚಪ್ಪಟೆಯಾಗಲು ನೋಡುತ್ತದೆ. ನೆತ್ತಿ ಮತ್ತು ತಳದಲ್ಲಿ ಒಳಮೈ ಜಗ್ಗುತ್ತದೆ, ಎರಡೂ ಪಕ್ಕೆಯಲ್ಲಿ ಹೊರಮೈ. ಆ ಜಗ್ಗಾಟ ಕಾಂಕ್ರೀಟಿಗೆ ತಾಳುವುದಿಲ್ಲ, ಸುತ್ತುಸರಳೇ ತಾಳಬೇಕು. ಸರಳು ಕಡಿಮೆ ಮಾಡಿ ಕಾಂಕ್ರೀಟ್ ಹೆಚ್ಚಿಸಿದ ಪೈಪ್ ತೂಕದಲ್ಲಿ ಭಾರಿ, ಲಾರಿ ಚಕ್ರದ ಕೆಳಗೆ ದುರ್ಬಲ. ಆದ್ದರಿಂದ ಇಳಿಸಿಕೊಳ್ಳುವ ಮೊದಲು ಪೈಪಿನ ಮೈಮೇಲೆ ಕ್ಲಾಸ್, ಒಳವ್ಯಾಸ, ತಯಾರಾದ ತಾರೀಖು, ಐಎಸ್‌ಐ ಗುರುತು ಓದಿ.

ಅಷ್ಟಕ್ಕೇ ಮುಗಿಯಲಿಲ್ಲ. ಒಳ್ಳೆಯ ಪೈಪನ್ನು ಎರೆ ಮಣ್ಣಿನ ಮೇಲೆ ಹಾಗೇ ಮಲಗಿಸಿದರೆ ಅದರ ಪರೀಕ್ಷಾ ಬಲದ 1.1 ಪಟ್ಟು ಮಾತ್ರ ಸಿಗುತ್ತದೆ; ಮುರಂ ಹಾಸಿ, ಪೈಪಿನ ದುಂಡಿಗೆ ತಕ್ಕಂತೆ ಕೂರಿಸಿ, ಪಕ್ಕೆಗಳನ್ನು ಪದರ ಪದರವಾಗಿ ಕುಟ್ಟಿದರೆ 1.9 ಪಟ್ಟು. ಗುಣಿಸಿ ನೋಡಿ: ಚೆನ್ನಾಗಿ ಕೂರಿಸಿದ ಎನ್‌ಪಿ-3ಕ್ಕೆ ಮೀಟರಿಗೆ ಸುಮಾರು 55 ಕಿಲೋನ್ಯೂಟನ್, ಹೇಗೋ ಮಲಗಿಸಿದ ಎನ್‌ಪಿ-4ಕ್ಕೆ 51! ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಪೈಪಿನ ಕೆಳಗೆ ಕನಿಷ್ಠ 150 ಎಂಎಂ ತೆಗೆದು ಮುರಂ ತುಂಬಿ. ಕಾಲರ್ (ಎರಡು ಪೈಪುಗಳ ಜೋಡಣೆಯ ಮೇಲೆ ಕೂರುವ ಬಳೆ) ಬರುವಲ್ಲಿ ಚಿಕ್ಕ ಗುಂಡಿ ತೋಡಿ. ಇಲ್ಲದಿದ್ದರೆ ಪೈಪ್ ಕಾಲರ್ ಮೇಲೆಯೇ ನಿಂತು ನಡುವೆ ಮುರಿಯುತ್ತದೆ. ನೆತ್ತಿಯ ಮೇಲೆ 600 ಎಂಎಂ ಮಣ್ಣು ಇರಲೇಬೇಕು.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ನೀರು ಹೆಚ್ಚೆಂದು 600ರ ಎರಡು ಪೈಪ್ ಜೋಡಿಸುವ ಬದಲು 900ರ ಒಂದೇ ಹಾಕಿ. ಎರಡರ ಬಾಯಿ ಸೇರಿ 0.57 ಚದರ ಮೀಟರ್, ಒಂದೇ 900ರದ್ದು 0.64. ಕೊಚ್ಚಿ ಬರುವ ತೊಗರಿ ಕಟ್ಟಿಗೆ ಸಣ್ಣ ಬಾಯಿಗೇ ಬೇಗ ಸಿಕ್ಕಿಕೊಳ್ಳುತ್ತದೆ. ಮೇಲೆ ಸಾಕಷ್ಟು ಮಣ್ಣು ನಿಲ್ಲಿಸಲು ಆಳ ಸಾಲದೆ ಎರಡೇ ಹಾಕಬೇಕಾಗಿ ಬಂದರೆ, ನಡುವೆ ಕುಟ್ಟಲು 450 ಎಂಎಂ ಜಾಗ ಬಿಡಿ.