ಓದುಗರ ಪ್ರಶ್ನೆ: ಮುಂಬೈ ಗಲ್ಲಿಗಳ ಗೋಡೆ ಚಿತ್ರ ಹುಡುಕೋದು ಎಲ್ಲಿ, ನೋಡೋದು ಹೇಗೆ?

ಪ್ರಶ್ನೆ: ನಾವು ಡೊಂಬಿವಲಿಯವರು. ಬಾಂದ್ರಾದ ಗಲ್ಲಿಗಳಲ್ಲಿ ಚೆಂದದ ಗೋಡೆ ಚಿತ್ರಗಳಿವೆ ಅಂತ ಕೇಳಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೊಬೈಲ್‌ನಲ್ಲಿ ನೋಡಿದ್ದರಲ್ಲಿ ಅರ್ಧಕ್ಕರ್ಧ ಅಲ್ಲಿ ಇರಲೇ ಇಲ್ಲ. ಇದ್ದವೂ ಮಾಸಿಹೋಗಿದ್ದವು. ಇವನ್ನು ಹುಡುಕುವುದು ಹೇಗೆ? ಸಿಕ್ಕಿದರೂ ಅದರಲ್ಲಿ ನೋಡುವುದಾದರೂ ಏನು?

ಉತ್ತರ: ಹೀಗೆ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದವರು ನೀವೊಬ್ಬರೇ ಅಲ್ಲ ಬಿಡಿ. ಮಳೆಗಾಲ ಮುಗಿದು ಜನ ಹೊರಗೆ ಕಾಲಿಡುವ ಹೊತ್ತಿಗೆ ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ತಪ್ಪು ನಿಮ್ಮದಲ್ಲ, ನೀವು ನಂಬಿದ ಪಟ್ಟಿಯದ್ದು. ಮೊಬೈಲ್‌ನಲ್ಲಿ ಓಡಾಡುವ ಆ ಫೋಟೋಗಳಲ್ಲಿ ಎಷ್ಟೋ ಹತ್ತು ವರ್ಷ ಹಳೆಯವು. ಮುಂಬೈನ ಹೊರಗೋಡೆ ಮೇಲೆ ಬಣ್ಣ ಹತ್ತು ವರ್ಷ ಬಾಳುವುದು ಅಪರೂಪ.

ಯಾಕೆ ಅಂತೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ನಿಮಗೆ ಗೊತ್ತೇ ಇದೆ. ಅದರ ಜೊತೆಗೆ ಸಮುದ್ರದ ಉಪ್ಪುಗಾಳಿ. ಗಾರೆಯೊಳಗೆ ನೀರು ಇಳಿದು ಬಣ್ಣ ಗುಳ್ಳೆ ಏಳುತ್ತದೆ, ಆಮೇಲೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಕೆಳಗಿನಿಂದ ಪಾಚಿ ಹತ್ತುತ್ತದೆ. ಮಳೆಯಲ್ಲಿ ಅದೆಷ್ಟೋ ಗೋಡೆಗಳ ಮೇಲೆ ನೀಲಿ ತಾಡಪತ್ರಿ ಬೇರೆ. ಇಷ್ಟರಿಂದ ಪಾರಾದರೂ ಮನೆ ಮಾಲೀಕರು ಹೊಸ ಬಣ್ಣ ಬಳಿಸಬಹುದು, ಇನ್ನೊಬ್ಬ ಕಲಾವಿದ ಅದರ ಮೇಲೆಯೇ ತನ್ನದನ್ನು ಬರೆಯಬಹುದು, ಇಲ್ಲವೇ ಇಡೀ ಕಟ್ಟಡವೇ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದು ಕಟ್ಟಲು, ಹೋಗಬಹುದು. ಬಾಂದ್ರಾದಲ್ಲಿ ಈಗ ಈ ಕೊನೆಯದೇ ಜಾಸ್ತಿ.

ಅದಕ್ಕೇ ನಾನು ಹೇಳುವುದು, ಇಂಥದ್ದೇ ಚಿತ್ರ ನೋಡಬೇಕು ಅಂತ ಹೊರಡಬೇಡಿ. ಗೋಡೆ ನೋಡಲು ಹೊರಡಿ. ಯಾವ ಥರದ ಗೋಡೆಗೆ ಚಿತ್ರ ಬರುತ್ತದೆ ಅಂತ ಗೊತ್ತಾದರೆ ಪಟ್ಟಿಯ ಹಂಗೇ ಬೇಡ.

ಮುಂಬೈನಲ್ಲಿ ಅಂಥವು ಮೂರು ಬಗೆ. ಮೊದಲನೆಯದು ರೈಲ್ವೆ ಅಥವಾ ಸರ್ಕಾರಿ ಜಾಗದ ಉದ್ದನೆಯ ಕಾಂಪೌಂಡು. ಎರಡನೆಯದು ಎತ್ತರದ ಕಟ್ಟಡದ ಕಿಟಕಿಯಿಲ್ಲದ ಪಕ್ಕದ ಗೋಡೆ. ಮೂರನೆಯದು ಹಳೇ ಊರಿನ ಗಿಡ್ಡ ಮನೆಗಳು, ಅಂದರೆ ಒಬ್ಬರೇ ಮಾಲೀಕರಿದ್ದು "ಆಯ್ತು, ಬರ್ಕೊಳ್ಳಿ" ಅಂತ ನಿಂತ ನಿಲುವಿನಲ್ಲೇ ಹೇಳಬಹುದಾದ ಮನೆಗಳು. ಹೌಸಿಂಗ್ ಸೊಸೈಟಿಯ ಗೋಡೆಗೆ ಒಪ್ಪಿಗೆ ತೆಗೆದುಕೊಳ್ಳಲು ಹೋಗಿ ನೋಡಿ, ಕಮಿಟಿ ಮೀಟಿಂಗಿನಲ್ಲೇ ಬಣ್ಣ ಒಣಗಿಹೋಗುತ್ತದೆ! ಬಾಂದ್ರಾದ ಗಲ್ಲಿಗಳಲ್ಲೇ ಇಷ್ಟೊಂದು ಚಿತ್ರ ಇರುವುದಕ್ಕೆ ಈ ಮೂರನೇ ಬಗೆಯೇ ಮುಖ್ಯ ಕಾರಣ.

ಬಾಂದ್ರಾ ಮೊದಲು ಒಂದೇ ಊರಾಗಿರಲಿಲ್ಲ. ಪಾಖಾಡಿ ಅಂತ ಕರೆಯುವ ಪುಟ್ಟ ಪುಟ್ಟ ಕೇರಿಗಳ ಗುಂಪು ಅದು. ಹಿಲ್ ರೋಡಿನ ಪಕ್ಕದ ರಣವಾರ್ ಅಂಥದ್ದೊಂದು. ಈಸ್ಟ್ ಇಂಡಿಯನ್ ಅಂತ ಕರೆಯುವ, ಮುಂಬೈ ಕಡೆಯದೇ ಮೂಲದ ಕ್ರೈಸ್ತರ ಹಳೇ ಮನೆಗಳು, ಮರದ ಮೆಟ್ಟಿಲು, ಹೆಂಚಿನ ಮಾಡು. ಅದರ ಸುತ್ತಲಿನ ವರೋಡಾ ರೋಡ್, ಚಾಪೆಲ್ ರೋಡ್ ಇವೆಲ್ಲ ಹೆಸರಿಗಷ್ಟೇ ರೋಡು. ಎದುರಿಗೆ ಒಂದು ರಿಕ್ಷಾ ಬಂದರೆ ನೀವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಹಾಗೆ ಅಂಟಿಕೊಂಡು ನಿಂತಾಗಲೇ ಎಷ್ಟೋ ಸಲ ಒಳ್ಳೆಯದು ಕಣ್ಣಿಗೆ ಬೀಳುತ್ತದೆ.

ಈ ಗಲ್ಲಿಗಳಲ್ಲಿ 2012ರಲ್ಲಿ ರಂಜಿತ್ ದಹಿಯಾ ಎಂಬ ಕಲಾವಿದರು ಬಾಲಿವುಡ್ ಆರ್ಟ್ ಪ್ರಾಜೆಕ್ಟ್ ಅಂತ ಶುರು ಮಾಡಿದರು. ಹರಿಯಾಣದ ಹಳ್ಳಿಯವರು. ಮೊದಲು ಗೋಡೆಗೆ ಸುಣ್ಣ ಬಳಿಯುವ ಕೂಲಿ ಕೆಲಸ ಮಾಡುತ್ತಿದ್ದವರು, ಆಮೇಲೆ ಅಹಮದಾಬಾದಿನ ಹೆಸರಾಂತ ವಿನ್ಯಾಸ ಕಾಲೇಜು ಎನ್‌ಐಡಿಯಲ್ಲಿ ಓದಿದರು. ಸಿನಿಮಾ ಊರಾದ ಮುಂಬೈನ ಬೀದಿಯಲ್ಲಿ ಸಿನಿಮಾದ ಗುರುತೇ ಇಲ್ಲವಲ್ಲ ಅನ್ನುವುದು ಅವರ ತಕರಾರು. ಚಾಪೆಲ್ ರೋಡಿನಲ್ಲಿ 'ಅನಾರ್ಕಲಿ' ಚಿತ್ರದ ಹಳೇ ಪೋಸ್ಟರನ್ನು ಗೋಡೆಯಷ್ಟು ದೊಡ್ಡದಾಗಿ ಬರೆದರು. ಆಮೇಲೆ ಅಮಿತಾಭ್, ರಾಜೇಶ್ ಖನ್ನಾ ಎಲ್ಲ ಗೋಡೆ ಹತ್ತಿದರು. ಬಾಂದ್ರಾ ರಿಕ್ಲಮೇಶನ್‌ನಲ್ಲಿ ಟೆಲಿಫೋನ್ ಕಂಪನಿ ಎಂಟಿಎನ್‌ಎಲ್‌ನ ಕಟ್ಟಡದ ಇಡೀ ಮೈಮೇಲೆ ಬಂದ ದಾದಾಸಾಹೇಬ್ ಫಾಲ್ಕೆ ಕೂಡ ಅವರ ಕೈಚಳಕವೇ. ಅದು ಎರಡನೇ ಬಗೆಯ ಗೋಡೆ. ಗಲ್ಲಿಯೊಳಗೆ ನಿಂತು ನೋಡುವಂಥದ್ದಲ್ಲ, ದೂರದಿಂದ ನೋಡಬೇಕು.

ದಹಿಯಾ ಅವರದ್ದು ಮುಂಬೈಗೆ ತೀರಾ ಹೊಸ ಕಸುಬೇನಲ್ಲ. ಡಿಜಿಟಲ್ ಫ್ಲೆಕ್ಸ್ ಬರುವ ತನಕ ಇಲ್ಲಿನ ಸಿನಿಮಾ ಹೋರ್ಡಿಂಗುಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಎಂ.ಎಫ್. ಹುಸೇನ್ ಕೂಡ ಈ ಊರಿನಲ್ಲಿ ಹೊಟ್ಟೆಪಾಡಿಗೆ ಮೊದಲು ಹಿಡಿದದ್ದು ಹೋರ್ಡಿಂಗ್ ಕೆಲಸವನ್ನೇ. ಹೋರ್ಡಿಂಗ್ ಬರೆಯುವವರು ಪುಟ್ಟ ಫೋಟೋ ಮೇಲೆ ಪೆನ್ಸಿಲ್‌ನಿಂದ ಚೌಕ ಹಾಕಿಕೊಳ್ಳುತ್ತಿದ್ದರು. ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಲಗೆಯ ಮೇಲೆ ಎಳೆದು, ಒಂದೊಂದೇ ಚೌಕ ನೋಡಿ ತುಂಬುತ್ತಾ ಹೋಗುತ್ತಿದ್ದರು. ಕುಂಚದಿಂದ ಬರೆದ ಹಳೇ ಗೋಡೆ ಚಿತ್ರದ ಹತ್ತಿರ ಹೋಗಿ, ಬಣ್ಣ ತೆಳುವಾದ ಕಡೆ ನೋಡಿ. ಕೆಲವು ಸಲ ಆ ಚೌಕದ ಗೆರೆ ಇನ್ನೂ ಇಣುಕುತ್ತಿರುತ್ತದೆ.

ಇದು ನಿಮ್ಮ ಎರಡನೇ ಪ್ರಶ್ನೆಗೆ ಬಂತು ನೋಡಿ. ಏನು ನೋಡಬೇಕು ಅಂದರೆ ಮೊದಲು ಗೋಡೆ ಮತ್ತು ಚಿತ್ರ ಹೇಗೆ ಹೊಂದಿಕೊಂಡಿವೆ ಅಂತ ನೋಡಿ. ಮುಂಬೈ ಗೋಡೆ ಅಂದರೆ ನುಣುಪಾದ ಕ್ಯಾನ್‌ವಾಸ್ ಅಲ್ಲವಲ್ಲ. ಮಳೆನೀರಿನ ಪೈಪು, ಕರೆಂಟಿನ ಮೀಟರ್ ಪೆಟ್ಟಿಗೆ, ಎಸಿಯಿಂದ ಇಳಿಯುವ ಕೊಳವೆ, ಕೇಬಲ್ಲಿನ ಕಗ್ಗಂಟು, ಅರಳಿ ಸಸಿ ಎಲ್ಲ ಇರುತ್ತವೆ. ಸುಮಾರಾದ ಕಲಾವಿದ ಇವುಗಳ ಮೇಲೆಯೇ ಬಣ್ಣ ಬಳಿದು, ಇಲ್ಲವೆಂಬಂತೆ ನಟಿಸುತ್ತಾನೆ. ಒಳ್ಳೆಯವನು ಪೈಪನ್ನೇ ಆನೆಯ ಸೊಂಡಿಲು ಮಾಡುತ್ತಾನೆ, ಕಿಟಕಿಯನ್ನು ಕಣ್ಣು ಮಾಡುತ್ತಾನೆ. ಇದೇ ಚಿತ್ರವನ್ನು ಎತ್ತಿ ಪಕ್ಕದ ಗೋಡೆಗೆ ಹಾಕಿದರೆ ನಡೆಯುತ್ತದಾ ಅಂತ ಕೇಳಿಕೊಳ್ಳಿ. ನಡೆಯುತ್ತದೆ ಅನ್ನಿಸಿದರೆ ನನ್ನ ಲೆಕ್ಕದಲ್ಲಿ ಅದಕ್ಕೆ ಅರ್ಧ ಅಂಕ ಮಾತ್ರ.

ಆಮೇಲೆ ಅಂಚು ನೋಡಿ. ಕೆಳಮೂಲೆಯಲ್ಲಿ ಸಹಿ, ಇಸವಿ, ಇನ್‌ಸ್ಟಾಗ್ರಾಂ ಹೆಸರು ಇರುತ್ತದೆ. ಆ ಹೆಸರು ಬರೆದುಕೊಂಡು ಬನ್ನಿ. ಆ ಕಲಾವಿದರ ಹೊಸ ಗೋಡೆ ಎಲ್ಲಿದೆ ಅಂತ ಅಲ್ಲೇ ಸಿಗುತ್ತದೆ, ಯಾವ ಪಟ್ಟಿಗಿಂತಲೂ ಮೊದಲು. ಮೂಲೆಯಲ್ಲಿ ಸಹಿಯ ಬದಲು ಯಾವುದೋ ಸಿನಿಮಾದ ಅಥವಾ ವೆಬ್ ಸೀರೀಸ್‌ನ ಹೆಸರಿದ್ದರೆ ಅದು ಜಾಹೀರಾತು. ಈಗ ಅಂಥವೂ ಬಹಳ. ಕೆಲವು ಚೆನ್ನಾಗಿಯೇ ಇರುತ್ತವೆ, ಆದರೆ ಗೊತ್ತಿದ್ದು ನೋಡಿ. ಇನ್ನು ಸಹಿಯೇ ಹಾಕದವರು, ಹಾಕಿದರೂ ಮುಖ ತೋರಿಸದವರು ಇದ್ದಾರೆ. ಟೈಲರ್ ಎಂಬ ಹೆಸರಿನಲ್ಲಿ ಮುಂಬೈ ಗೋಡೆಗಳ ಮೇಲೆ ಕುಟುಕು ಚಿತ್ರ ಹಾಕುವವರು ಯಾರು ಅಂತ ಊರಿಗೇ ಗೊತ್ತಿಲ್ಲ. ಅನುಮತಿ ಇಲ್ಲದೆ ಗೋಡೆ ಮುಟ್ಟಿದರೆ ಮಹಾರಾಷ್ಟ್ರದಲ್ಲಿ 1995ರ ಕಾಯ್ದೆಯೊಂದು ಕಾದು ಕೂತಿದೆ, ಹಾಗಾಗಿ ಅವರ ಗುಟ್ಟು ಅರ್ಥವಾಗುವಂಥದ್ದೇ.

ಮತ್ತೆ ಆ ರೆಕ್ಕೆಗಳು. ಎರಡು ದೊಡ್ಡ ರೆಕ್ಕೆ ಬರೆದಿಟ್ಟು, ಮಧ್ಯೆ ನೀವು ನಿಂತು ಫೋಟೋ ತೆಗೆಸಿಕೊಳ್ಳಬೇಕು. ಮಕ್ಕಳಿಗೆ ಖುಷಿಯಾಗುತ್ತದೆ, ತೆಗೆಸಿ. ನನಗಂತೂ ಅದರಲ್ಲಿ ನೋಡಲು ಏನೂ ಇಲ್ಲ.

ಮೊದಲನೇ ಬಗೆಯ ಗೋಡೆ ಬೇಕಾದರೆ ತುಳಸಿ ಪೈಪ್ ರೋಡಿಗೆ ಹೋಗಿ. ಕಾಗದದಲ್ಲಿ ಸೇನಾಪತಿ ಬಾಪಟ್ ಮಾರ್ಗ. ತುಳಸಿ ಕೆರೆಯಿಂದ ಊರಿಗೆ ನೀರು ತರುವ ದೊಡ್ಡ ಕೊಳವೆ ಈ ದಾರಿಯಲ್ಲಿ ಬಂದಿದ್ದರಿಂದ ಆ ಹೆಸರು. ಮಾಹಿಂನಿಂದ ದಾದರ್ ಕಡೆಗೆ ಪಶ್ಚಿಮ ರೈಲ್ವೆಯ ಗೋಡೆ ಉದ್ದಕ್ಕೂ ಸಾಗುತ್ತದೆ. 2009ರಲ್ಲಿ ದಿ ವಾಲ್ ಪ್ರಾಜೆಕ್ಟ್ ಎಂಬ ಗುಂಪು ಪಾಲಿಕೆಯ ಒಪ್ಪಿಗೆ ಪಡೆದು ಇಲ್ಲಿ ಜನರನ್ನು ಕರೆಯಿತು. ಕಲಾವಿದರೇ ಆಗಬೇಕೆಂದಿಲ್ಲ, ಬಂದವರೆಲ್ಲ ಬರೆದರು. ಹಾಗಾಗಿ ಅದು ಒಂದು ಹದದಲ್ಲಿ ಇರಲೇ ಇಲ್ಲ. ಒಂದು ಕಡೆ ನುರಿತ ಕೈ, ಪಕ್ಕದಲ್ಲೇ ಮಕ್ಕಳ ಗೀಚು. ನನಗೆ ಇಷ್ಟವಾದದ್ದೇ ಅದು. ಈಗ ಹಳೆಯದರ ಮೇಲೆ ಹೊಸದು, ಅದರ ಮೇಲೆ ಪಾನ್ ಪಿಚಕಾರಿ. ಗಾರೆ ಸಿಡಿದ ಕಡೆ ಒಂದರ ಕೆಳಗೊಂದು ಮೂರ್ನಾಲ್ಕು ಬಣ್ಣ ಕಾಣುತ್ತದೆ. ನಮ್ಮ ಮುಂಬೈ ಕನ್ನಡಿಗರಿಗೆ ಈ ದಾರಿ ಹೊಸದೇನಲ್ಲ. ಮಾಟುಂಗಾ ರೋಡ್ ಸ್ಟೇಷನ್ನಿನಲ್ಲಿ ಇಳಿದು ಕರ್ನಾಟಕ ಸಂಘದ ನಾಟಕಕ್ಕೋ ಯಕ್ಷಗಾನಕ್ಕೋ ಹೋಗುವವರೆಲ್ಲ ಇದರ ಆಸುಪಾಸಿನಲ್ಲೇ ಓಡಾಡಿದ್ದೇವೆ, ಗೋಡೆ ಕಡೆ ತಿರುಗಿ ನೋಡಿಲ್ಲ ಅಷ್ಟೇ. ಅಲ್ಲಿಂದ ಮುಂದೆ ಮಾಹಿಂ ಪೂರ್ವ, ಧಾರಾವಿಯ ಅಂಚಿನ ಕಡೆ ಸ್ಟಾರ್ಟ್ ಇಂಡಿಯಾ ಎಂಬ ಸಂಸ್ಥೆ ಬರೆಸಿದ ದೊಡ್ಡ ಕಟ್ಟಡ ಚಿತ್ರಗಳಿವೆ.

ಈ ಸ್ಟಾರ್ಟ್‌ನವರದ್ದೇ ಇನ್ನೊಂದು ದೊಡ್ಡ ಸಾಹಸ ಕೊಲಾಬಾದ ಸಸೂನ್ ಡಾಕ್. 1875ರ ಮೀನು ಧಕ್ಕೆ ಅದು. 2017ರ ಕೊನೆಯಲ್ಲಿ ಅದರ ಹಳೇ ಗೋದಾಮುಗಳ ಒಳಗೂ ಹೊರಗೂ ಚಿತ್ರ ತುಂಬಿಸಿದರು. ಸಿಗಡಿ ಸುಲಿಯುವ, ಬುಟ್ಟಿ ಹೊರುವ ಜನರ ಮುಖಗಳನ್ನೇ ದೊಡ್ಡ ಕಪ್ಪುಬಿಳುಪು ಫೋಟೋ ಮಾಡಿ ಕಟ್ಟಡದ ಹೊರಗೆ ಅಂಟಿಸಿದ್ದರು. ಕಾಗದ ತಾನೇ, ಬಾಳುವಂಥದ್ದಲ್ಲ. ಬಣ್ಣದಲ್ಲಿ ಬರೆದದ್ದರ ಪೈಕಿ ಏನು ಉಳಿದಿದೆ ಅಂತ ನೋಡಬೇಕಾದರೆ ಬೆಳಗಿನ ಜಾವ ಹೋಗಬೇಕು, ಮೀನು ವಾಸನೆಗೆ ಮೂಗು ಮುಚ್ಚಬಾರದು. ಬಂದರಿನ ಜಾಗವಾದ್ದರಿಂದ ಕ್ಯಾಮೆರಾ ತೆಗೆಯುವ ಮೊದಲು ಗೇಟಿನಲ್ಲಿ ಕೇಳಿ. ವಾಪಸ್ ಬರುವಾಗ ಕೊಲಾಬಾದ ಕೆಫೆ ಮೊಂಡೆಗಾರ್‌ನ ಒಳಗೋಡೆ ಮೇಲೆ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರಗಳಿವೆ. ಮಳೆ ಬಿಸಿಲು ಎರಡೂ ತಾಗದ್ದರಿಂದ ಅವು ಗಟ್ಟಿಯಾಗಿ ಉಳಿದಿವೆ. ಚರ್ಚ್‌ಗೇಟ್ ಸ್ಟೇಷನ್ನಿನ ಗಾಂಧೀಜಿಯನ್ನೂ ನೋಡಬಹುದು, ಬ್ರೆಜಿಲ್‌ನ ಎಡ್ವಾರ್ಡೊ ಕೋಬ್ರಾ 2018ರಲ್ಲಿ ಬರೆದದ್ದು.

ಮುಂಬೈನ ಎಲ್ಲೆಂದರಲ್ಲಿ ಕಾಣುವ ಇನ್ನೊಂದು ಚಿತ್ರ ವಾರ್ಲಿ. ಫ್ಲೈಓವರ್ ಕಂಬ, ಸ್ಟೇಷನ್, ಶಾಲೆ ಕಾಂಪೌಂಡು, ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಎರಡು ತ್ರಿಕೋನದ ಮೈಯ ಮನುಷ್ಯರು ಕುಣಿಯುತ್ತಿರುತ್ತಾರೆ. ಇದರ ಮೂಲ ಇಲ್ಲೇ ಪಾಲ್ಘರ್, ಡಹಾಣು ಕಡೆಯ ವಾರ್ಲಿ ಜನರ ಮನೆಗೋಡೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಮದುವೆಗೆ ಬರೆಯುವಂಥದ್ದು. ಮಲೆನಾಡಿನವರಿಗೆ ಹಸೆ ಚಿತ್ತಾರ ನೆನಪಾಗುತ್ತದೆ ಅಲ್ವಾ? ಅದೇ ಕೆಮ್ಮಣ್ಣು, ಅದೇ ಅಕ್ಕಿ ಹಿಟ್ಟು. ಜಿವ್ಯಾ ಸೋಮಾ ಮಶೆ ಅವರು ಇದನ್ನು ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ತಂದು ಜಗತ್ತಿಗೇ ತೋರಿಸಿದರು. 2011ರಲ್ಲಿ ಪದ್ಮಶ್ರೀ ಬಂತು. ಅವರ ಗೆರೆಯಲ್ಲಿ ಬಲೆ ಬೀಸುವವನ ಸೊಂಟ ಬಾಗಿದ್ದು ಕಾಣುತ್ತದೆ. ನಮ್ಮ ಫ್ಲೈಓವರ್ ಕಂಬದ ಮನುಷ್ಯರೆಲ್ಲ ಒಂದೇ ಅಚ್ಚಿನಿಂದ ಒತ್ತಿದವರು. ಒಮ್ಮೆ ಮಶೆ ಅವರ ಚಿತ್ರ ನೋಡಿಕೊಂಡು ಬಂದು ಕಂಬದ ಮುಂದೆ ನಿಂತರೆ ಮಕ್ಕಳಿಗೂ ವ್ಯತ್ಯಾಸ ತಿಳಿಯುತ್ತದೆ.

ಹಾಗೆ ನೋಡಿದರೆ ಈ ಊರಿನ ಗೋಡೆಗಳಲ್ಲಿ ನನಗೆ ತುಂಬಾ ತಮಾಷೆ ಎನಿಸುವುದು ದೇವರ ಟೈಲ್ಸ್. ಗಲ್ಲಿಯ ತಿರುವಿನಲ್ಲಿ, ಆಫೀಸ್ ಮೆಟ್ಟಿಲ ಮೂಲೆಯಲ್ಲಿ ಗಣಪತಿ, ಸಾಯಿಬಾಬಾ, ಯೇಸು, ಮಕ್ಕಾ ಎಲ್ಲ ಒಂದೇ ಸಾಲಿನಲ್ಲಿ. ಯಾರೂ ಅಲ್ಲಿ ಉಗುಳಬಾರದು, ಮೂತ್ರ ಮಾಡಬಾರದು ಅಂತ. ಯಾವ ಗೈಡೂ ಇದನ್ನು ತೋರಿಸುವುದಿಲ್ಲ, ಆದರೆ ಇಷ್ಟು ಕೆಲಸ ಮಾಡುವ ಗೋಡೆ ಚಿತ್ರ ಬೇರೆ ಇಲ್ಲ. ಬಾಂದ್ರಾದ ಗಲ್ಲಿಗಳಲ್ಲಾದರೆ ಶಿಲುಬೆಗಳನ್ನೂ ನೋಡಿ. 1896ರ ಪ್ಲೇಗ್ ಕಾಲದಲ್ಲಿ ರೋಗ ತಮ್ಮ ಕೇರಿಗೆ ಬರದಿರಲಿ ಅಂತ ಜನ ನಿಲ್ಲಿಸಿದ ಶಿಲುಬೆಗಳು ಅವುಗಳಲ್ಲಿ ಎಷ್ಟೋ. ಈಗಲೂ ಚೆಂಡು ಹೂವಿನ ಹಾರ ಬೀಳುತ್ತದೆ.

ಫೋಟೋ ವಿಷಯ. ನಿಮ್ಮ ಖುಷಿಗೆ ತೆಗೆದುಕೊಳ್ಳುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಗೋಡೆ ಬೀದಿಯಲ್ಲಿದೆ ಅಂದ ಮಾತ್ರಕ್ಕೆ ಚಿತ್ರ ಎಲ್ಲರ ಸ್ವತ್ತಲ್ಲ. ಮುಂಬೈನ ಗೋಡೆ ಚಿತ್ರವೊಂದನ್ನು ವಿಮಾ ಕಂಪನಿಯೊಂದು ತನ್ನ ಜಾಹೀರಾತಿಗೆ ಬಳಸಿಕೊಂಡ ಜಗಳ 2023ರಲ್ಲಿ ದೆಹಲಿ ಹೈಕೋರ್ಟಿನವರೆಗೆ ಹೋಗಿತ್ತು. ನಿಮ್ಮ ಅಂಗಡಿ ಪೋಸ್ಟರಿಗೋ ಕ್ಯಾಲೆಂಡರಿಗೋ ಬೇಕಾದರೆ ಕಲಾವಿದರನ್ನು ಕೇಳಿ. ಕೋರ್ಟಿಗಿಂತ ಮುಖ್ಯವಾದದ್ದು ಆ ಮನೆಯವರು. ರಣವಾರ್‌ನ ವರಾಂಡದಲ್ಲಿ ಕೂತ ಆಂಟಿಗೆ ನಿಮ್ಮ ಹಿಂದಿರುವುದು ಚಿತ್ರವಲ್ಲ, ಅವರ ಅಡುಗೆಮನೆಯ ಗೋಡೆ. ಒಂದು ನಮಸ್ಕಾರ ಹಾಕಿ, ಕೇಳಿ ತೆಗೆಯಿರಿ. ನಿಮಗೆ ಕೊಂಕಣಿಯೋ ಮರಾಠಿಯೋ ಬಂದರೆ ಇನ್ನೂ ಅನುಕೂಲ. ಮೊದಲು ಈ ಗೋಡೆ ಮೇಲೆ ಏನಿತ್ತು ಅಂತ ಕೇಳಿ ನೋಡಿ. ಬರೆದವನು ಯಾರು, ಚಹಾ ಎಷ್ಟು ಕುಡಿದ, ಎಷ್ಟು ದಿನ ಏಣಿ ಮೇಲಿದ್ದ ಎಲ್ಲ ಹೇಳಿಯಾರು.

ನೀವು ಮುಂದಿನ ಸಲ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಹೊಸ ಚಿತ್ರಗಳು ಬರುವುದೂ ಮಳೆ ನಿಂತು ಗೋಡೆ ಒಣಗಿದ ಮೇಲೆಯೇ. ಬೆಳಿಗ್ಗೆ ಎಂಟರ ಒಳಗೆ ತಲುಪಿದರೆ ಗೋಡೆಗೆ ಒರಗಿಸಿದ ಬೈಕುಗಳು ಇರುತ್ತವಾದರೂ ಎದುರು ಬರುವ ರಿಕ್ಷಾ ಕಮ್ಮಿ. ಡೊಂಬಿವಲಿಯಿಂದ ದಾದರ್, ಅಲ್ಲಿ ಬದಲಾಯಿಸಿ ಬಾಂದ್ರಾ, ಪಶ್ಚಿಮದ ಕಡೆ ಇಳಿದು ಹಿಲ್ ರೋಡಿಗೆ ರಿಕ್ಷಾ. ಮೆಹಬೂಬ್ ಸ್ಟುಡಿಯೊ ಕೇಳಿದರೆ ಯಾರಾದರೂ ತೋರಿಸುತ್ತಾರೆ, ಅಲ್ಲಿಂದ ಗಲ್ಲಿಗಳು ನಡಿಗೆಯ ದೂರ. ಭಾನುವಾರ ಹೊರಡುವುದಾದರೆ ಹಿಂದಿನ ರಾತ್ರಿಯೇ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವುದು, ಯಾವ ಲೈನಿನಲ್ಲಿದೆ ಅಂತ ನೋಡಿಕೊಂಡು ಬಿಡಿ.