ಅಕ್ಯೂಟ್ ಅಂದರೆ ಜೋರು ಅಂತಲ್ಲ

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಅಕ್ಯೂಟ್’ ಅಂತ ಕಂಡ ಕೂಡಲೇ ಮನೆಯವರಿಗೆ ಗಾಬರಿ. ಎರಡು ದಿನ ವಾಂತಿ ಭೇದಿಯಾಗಿ, ಡ್ರಿಪ್ಸ್ ಹಾಕಿಸಿಕೊಂಡು ಸುಧಾರಿಸಿದವರ ಚೀಟಿಯಲ್ಲೂ ‘ಅಕ್ಯೂಟ್ ಗ್ಯಾಸ್ಟ್ರೋಎಂಟರೈಟಿಸ್’ ಎಂದೇ ಇರುತ್ತದೆ. “ಡಾಕ್ಟ್ರೇ, ಅಷ್ಟೊಂದು ಸೀರಿಯಸ್ ಆಗಿತ್ತಾ?” ಅಂತ ಕೇಳುತ್ತಾರೆ. ಇಲ್ಲ. ಕಾಯಿಲೆ ಎಷ್ಟು ಜೋರಾಗಿದೆ ಅಂತ ಆ ಪದ ಹೇಳುವುದಿಲ್ಲ. ಶುರುವಾಗಿ ಎಷ್ಟು ದಿನ ಆಯ್ತು ಅಂತ ಹೇಳುತ್ತದೆ.

ಲ್ಯಾಟಿನ್‌ನಲ್ಲಿ ‘ಅಕುಸ್’ ಅಂದರೆ ಸೂಜಿ. ಅದೇ ಬಳ್ಳಿಯ ‘ಅಕೂಟುಸ್’ ಅಂದರೆ ಮಸೆದು ಚೂಪು ಮಾಡಿದ್ದು. ಶಾಲೆಯಲ್ಲಿ ಲಘುಕೋನ ಅಂತ ಓದಿದ್ದು ಇಂಗ್ಲಿಷಿನಲ್ಲಿ ಅಕ್ಯೂಟ್ ಆಂಗಲ್, ಮೂಲೆ ಚೂಪಾಗಿರುತ್ತದಲ್ವಾ. ಮಕ್ಕಳಿಗೆ ನಾವು ಹೇಳುವ ‘ಕ್ಯೂಟ್’ ಕೂಡ ಇದರದ್ದೇ ಮೊಟಕು ರೂಪ. 18ನೇ ಶತಮಾನದಲ್ಲಿ ಅದಕ್ಕೆ ‘ಚುರುಕು ಬುದ್ಧಿಯ’ ಎಂಬ ಅರ್ಥವಿತ್ತು. ‘ಮುದ್ದಾದ’ ಎಂಬ ಅರ್ಥ ಬಂದದ್ದು ಆಮೇಲೆ, ಅಮೆರಿಕದಲ್ಲಿ.

ಚೂಪಿಗೂ ದಿನಗಳ ಲೆಕ್ಕಕ್ಕೂ ಏನು ಸಂಬಂಧ? ಹಿಪ್ಪೊಕ್ರೆಟಿಸ್ ಪರಂಪರೆಯ ಗ್ರೀಕ್ ವೈದ್ಯರು ನ್ಯುಮೋನಿಯಾದಂಥ ಕಾಯಿಲೆಗಳಿಗೆ ‘ಆಕ್ಸುಸ್’ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅದು ಚೂಪೂ ಹೌದು, ವೇಗವೂ ಹೌದು. ಇಂಥ ಕಾಯಿಲೆ ಬೇಗ ಏರುತ್ತದೆ, ಕೆಲವೇ ದಿನದಲ್ಲಿ ಆ ಕಡೆಯೋ ಈ ಕಡೆಯೋ ತೀರ್ಮಾನವಾಗುತ್ತದೆ. ಎಳೆದುಕೊಂಡು ಹೋಗುವುದು ಕ್ರಾನಿಕ್. ಗ್ರೀಕ್‌ನ ‘ಕ್ರೋನೋಸ್’ ಅಂದರೆ ಕಾಲ.

ಇಂದಿಗೂ ನಮ್ಮ ಲೆಕ್ಕ ಹೀಗೇ ನಡೆಯುತ್ತದೆ. ದೊಡ್ಡವರಲ್ಲಿ ಕೆಮ್ಮು 3 ವಾರದೊಳಗಿದ್ದರೆ ಅಕ್ಯೂಟ್, 8 ವಾರ ದಾಟಿದರೆ ಕ್ರಾನಿಕ್. ಸಾದಾ ನೆಗಡಿಯೂ ಅಕ್ಯೂಟೇ, ಹಾರ್ಟ್ ಅಟ್ಯಾಕೂ ಅಕ್ಯೂಟೇ.

ಗೊಂದಲಕ್ಕೆ ಕನ್ನಡದ ‘ತೀವ್ರ’ವೂ ಒಂದು ಕಾರಣ. ಅಕ್ಯೂಟ್‌ಗೂ ಅದನ್ನೇ ಹಾಕುತ್ತೇವೆ, ಸಿವಿಯರ್‌ಗೂ ಅದನ್ನೇ. 2020ರಲ್ಲಿ ಕೋವಿಡ್ ಸುದ್ದಿಯಲ್ಲಿ ದಿನಾ ‘ಸಾರಿ’ ಕೇಸುಗಳ ಮಾತಿತ್ತು, ನೆನಪಿದೆಯಾ? ಪೂರ್ತಿ ಹೆಸರು ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಇನ್‌ಫೆಕ್ಷನ್. ಎರಡಕ್ಕೂ ಒಂದೇ ಅರ್ಥವಾಗಿದ್ದರೆ ಎರಡು ಪದ ಯಾಕೆ ಬೇಕಿತ್ತು? ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆ ಬಿಡಿಸಿ ನೋಡಿ: ಜ್ವರ, ಕೆಮ್ಮು ಶುರುವಾಗಿ 10 ದಿನದೊಳಗೆ ಇರಬೇಕು, ಅದು ಅಕ್ಯೂಟ್. ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿ ಇರಬೇಕು, ಅದು ಸಿವಿಯರ್. ನನ್ನ ಪ್ರಕಾರ ಅಕ್ಯೂಟ್‌ಗೆ ‘ಹೊಸದಾಗಿ ಬಂದ’ ಅಂತ ಸುಮ್ನೆ ಹೇಳಿಬಿಡುವುದೇ ವಾಸಿ.

ಗಾಬರಿ ಆದವರಿಗೆ ಸಮಾಧಾನ ಹೇಳಬಹುದು. ನನಗೆ ಜಾಸ್ತಿ ಚಿಂತೆ ‘ಕ್ರಾನಿಕ್ ತಾನೇ, ಹಳೇದು’ ಅಂತ ಸುಮ್ಮನಾಗುವವರದ್ದು. ಕಿಡ್ನಿ ವಿಷಯದಲ್ಲಿ ಇದು ಅಪಾಯ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಶ್ಮಲ) ಕೆಲವೇ ದಿನದಲ್ಲಿ ಏರಿದ್ದರೆ ಅಕ್ಯೂಟ್, ಕಾರಣ ಹುಡುಕಿ ಸರಿಪಡಿಸಿದರೆ ಎಷ್ಟೋ ಸಲ ಇಳಿಯುತ್ತದೆ. ತೊಂದರೆ 3 ತಿಂಗಳು ದಾಟಿದ್ದರೆ ಕ್ರಾನಿಕ್, ಹೋದದ್ದು ಬಹುಪಾಲು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ‘ಅಕ್ಯೂಟ್ ಆನ್ ಕ್ರಾನಿಕ್’ ಅಂತಲೂ ಬರೆಯುತ್ತೇವೆ: ಹಳೆ ತೊಂದರೆಯ ಮೇಲೆ ಭೇದಿಯಿಂದಲೋ ನೋವಿನ ಮಾತ್ರೆಯಿಂದಲೋ ಹೊಸ ಪೆಟ್ಟು. ಇವತ್ತಿನ ಒಂದು ರಿಪೋರ್ಟ್ ನೋಡಿ ಇವನ್ನು ಬೇರೆ ಮಾಡುವುದು ಕಷ್ಟ. ಹೋದ ವರ್ಷದ ರಿಪೋರ್ಟ್ ಮನೆಯಲ್ಲಿದ್ದರೆ ದಯವಿಟ್ಟು ಜೊತೆಗೆ ತನ್ನಿ.