ಸ್ವಿಚ್ ಬೋರ್ಡ್ ಪಕ್ಕದ ಉಣ್ಣಿ ಯಾರ ಮನೆಯದು?

ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಸ್ವಿಚ್ ಬೋರ್ಡ್ ಪಕ್ಕ ಎಳ್ಳಿನಷ್ಟು ದೊಡ್ಡ ಕಂದು ಹುಳವೊಂದು ಗೋಡೆ ಹತ್ತುತ್ತಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ, ಎಂಟು ಕಾಲು. ಉಣ್ಣಿ! ತಕ್ಷಣ ನಮ್ಮ ನಾಯಿ ಕರಿಯನ ಕಿವಿ ಎತ್ತಿ ನೋಡಿದರೆ ಅಲ್ಲೊಂದು, ರಕ್ತ ಕುಡಿದು ಉಬ್ಬಿ ಥೇಟ್ ಹರಳು ಬೀಜದ ಥರ ಕೂತಿತ್ತು. (ಹರಳು ಗಿಡದ ಲ್ಯಾಟಿನ್ ಹೆಸರು ರಿಸಿನಸ್. ಆ ಪದದ ಅರ್ಥವೇ ಉಣ್ಣಿ. ಹೆಸರಿಟ್ಟವರಿಗೂ ನನ್ನ ಹಾಗೇ ಕಂಡಿರಬೇಕು.)

ಪಕ್ಕದ ಮನೆ ಆಂಟಿ ಸಾಗರದ ಕಡೆಯವರು. "ನಮ್ಮಲ್ಲಿ ಇದನ್ನ ಉಣುಗು ಅಂತೀವಿ. ಮಂಗನ ಕಾಯಿಲೆ ಬರಲ್ವೇನಪ್ಪಾ?" ಅಂತ ಗಾಬರಿಯಾದರು.

ಬರಲ್ಲ ಆಂಟಿ, ಅದು ಬೇರೆ ಉಣ್ಣಿ. ಭಾರತದಲ್ಲಿ ನೂರಕ್ಕೂ ಹೆಚ್ಚು ಜಾತಿಯ ಉಣ್ಣಿಗಳಿವೆ, ಒಂದೊಂದಕ್ಕೂ ಊಟದ ಮನೆ ಬೇರೆ ಬೇರೆ.

ಹಸುವಿನ ಕೆಚ್ಚಲ ಹತ್ತಿರ ಗೊಂಚಲು ಗೊಂಚಲಾಗಿ ಕೂರುವುದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಮರಿಯಾಗಿ ಹತ್ತಿದರೆ ಪೊರೆ ಬಿಟ್ಟು, ಬೆಳೆದು, ಹೊಟ್ಟೆ ತುಂಬಿದ ಮೇಲೇ ಇಳಿಯುವುದು, ಎಲ್ಲ ಅದೇ ಹಸುವಿನ ಮೈಮೇಲೆ, ಸುಮಾರು ಮೂರು ವಾರದಲ್ಲಿ. ಕೋಳಿಯ ಉಣ್ಣಿ ಅರ್ಗಸ್ ಹಾಗಲ್ಲ, ಅದು ಕಳ್ಳ. ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ಸ್ವಲ್ಪ ಹೊತ್ತು ಕುಡಿದು ಓಡುತ್ತದೆ. ಇನ್ನು ಅಂಬ್ಲಿಯೋಮ್ಮ ಗರ್ವೈಸಿ ಅನ್ನುವುದಕ್ಕೆ ಹಾವು, ಉಡಗಳ ರಕ್ತವೇ ಬೇಕು. ಹಾವಿಗೂ ಉಣ್ಣಿ ಹತ್ತುತ್ತೆ ಅಂತ ಗೊತ್ತಾದ ದಿನ ನನಗೆ ಹಾವಿನ ಮೇಲೆ ಸ್ವಲ್ಪ ಕನಿಕರ ಬಂತು, ಪಾಪ, ಕೆರೆದುಕೊಳ್ಳೋಕೆ ಕೈಕಾಲೂ ಇಲ್ಲ ಅಲ್ವಾ?

ಆಂಟಿ ಹೆದರಿದ್ದು ಹೀಮಾಫೈಸಾಲಿಸ್ ಸ್ಪೈನಿಜೆರಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ ಇದರ ಕೆಲಸ ಹೊರಬಿತ್ತು. ಇದು ಒಂದೇ ಪ್ರಾಣಿಯನ್ನು ನೆಚ್ಚಿಕೊಂಡಿಲ್ಲ. ಮರಿಗಳು ಇಲಿ, ನೆಲದ ಹಕ್ಕಿ, ಮಂಗಗಳ ಮೇಲೆ ಬದುಕುತ್ತವೆ, ಬೆಳೆದವು ದನ, ಜಿಂಕೆಗಳ ಮೇಲೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಉದುರಿ ಅಲ್ಲೇ ಸುತ್ತಮುತ್ತ ಉಳಿಯುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇದರ ಎಳೆಯದು, ಡಿಸೆಂಬರಿನಿಂದ ಮೇ ತನಕ, ಸರಿಯಾಗಿ ಜನ ಸೌದೆ, ಒಣ ಎಲೆ ತರಲು ಕಾಡಿಗೆ ಹೋಗುವ ಹೊತ್ತಿಗೆ. ದನ ಮಂಗನ ಕಾಯಿಲೆಯ ವೈರಸ್ಸನ್ನು ಅಷ್ಟಾಗಿ ಹರಡುವುದಿಲ್ಲ, ಆದರೆ ಉಣುಗಿಗೆ ಹೊಟ್ಟೆ ತುಂಬಾ ಊಟ ಹಾಕಿ ಸಂತಾನ ಜಾಸ್ತಿ ಮಾಡುತ್ತದೆ.

ನಮ್ಮ ಗೋಡೆಯ ಗಿರಾಕಿ ನಾಯಿ ಉಣ್ಣಿ, ರಿಪಿಸೆಫಾಲಸ್ ಸಾಂಗ್ವಿನಿಯಸ್ ಬಳಗದ್ದು. ಇದಕ್ಕೆ ಕಾಡು ಬೇಡ, ನಾಯಿ ಮತ್ತು ಗೋಡೆ ಸಾಕು. ಮೂರು ಸಲ ನಾಯಿಯನ್ನು ಹತ್ತಿ ಮೂರು ಸಲವೂ ಇಳಿಯುತ್ತದೆ. ಇಳಿದಾಗ ಮೇಲಕ್ಕೆ ಹತ್ತಿ ಸಂದಿ ಹುಡುಕುತ್ತದೆ, ಪೊರೆ ಬಿಡೋಕೆ, ಕೊನೆಗೆ ಮೊಟ್ಟೆ ಇಡೋಕೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇದು ತರುವ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ನಾಯಿಗೆ ಕೆಟ್ಟ ಜ್ವರ ಬರಿಸುತ್ತದೆ, ಅದಕ್ಕೇ ಕರಿಯನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿವಿಯದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೆದರು. ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡವೇ ಬೇಡ ಅಂದರು.

ಮರುದಿನ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿ ಸ್ವಿಚ್ ಬೋರ್ಡ್ ಬಿಚ್ಚಿಸಿದೆ. ಒಳಗೆ ಟಾರ್ಚ್ ಹಾಕಿದವನು ತಲೆ ಕೆರೆದುಕೊಂಡ. "ಸಾರ್, ಇದರೊಳಗೆ ರಾಗಿ ಯಾಕ್ ಹಾಕಿದ್ದೀರ?"